ಬೇಡ ಅಂದವರ ಪಟ್ಟಿ

“ಅಯ್ಯೋ ಬೇಡಿ ಸಾರ್, ನನ್ನಂಥವನಿಗೆ ಅಷ್ಟು ದೊಡ್ಡ ಕುರ್ಚಿ ಯಾಕೆ,” ಎಂದು ನೊಸ್ರತ್ ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಅವನು ತಲೆ ಎತ್ತುವಷ್ಟರಲ್ಲಿ ನಿರ್ದೇಶಕರು ಅವನ ಹೆಸರಿನ ಮೇಲೆ ಗೀಟು ಎಳೆದಾಗಿತ್ತು.

ಗೀಟು ತುಂಬ ನೇರವಾಗಿತ್ತು. ಅಳತೆಪಟ್ಟಿ ಇಟ್ಟು ಎಳೆದದ್ದು.

“ಸರಿ, ಅರ್ಥವಾಯಿತು. ಮುಚ್ಚುಮರೆಯಿಲ್ಲದೆ ಹೇಳಿದಿರಿ, ಸಂತೋಷ,” ಎಂದು ಬಸ್ ಕಚೇರಿಯ ನಿರ್ದೇಶಕ ಇಂಜಿನಿಯರ್ ಸಾಲಾರಿ ಎದ್ದು ನಿಂತು ಅವನ ಕೈ ಕುಲುಕಿದರು. ಕುಲುಕುತ್ತಲೇ ಬಾಗಿಲಿನವರೆಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು.

ನೊಸ್ರತ್‌ನ ಬಾಯಲ್ಲಿ ಇನ್ನೂ ಎರಡು ನಿರಾಕರಣೆಗಳು ಹಾಗೇ ಉಳಿದಿದ್ದವು. ಹಿಂದಿನ ದಿನ ಊಟವಾದ ಮೇಲೆ ಹೆಂಡತಿ ಮಹೀನಳನ್ನು ನಿರ್ದೇಶಕರ ಜಾಗದಲ್ಲಿ ಕೂರಿಸಿ ಅವನು ಎಲ್ಲವನ್ನೂ ಅಭ್ಯಾಸ ಮಾಡಿದ್ದ. ಮೊದಲನೆಯದರಲ್ಲಿ ತನ್ನ ಅಯೋಗ್ಯತೆ. ಎರಡನೆಯದರಲ್ಲಿ ವಯಸ್ಸು ಮತ್ತು ಮಂಡಿನೋವು. ಮೂರನೆಯದು ಅರ್ಧಕ್ಕೇ ನಿಂತು, “ತಾವು ಇಷ್ಟು ಹೇಳಿದ ಮೇಲೆ…” ಎಂಬಲ್ಲಿ ಕರಗಬೇಕು. ಆಮೇಲೆ ಒಪ್ಪಿಗೆ. ಶಿರಾಜಿನಲ್ಲಿ ಒಂದು ಲೋಟ ಚಹಾ ಕುಡಿಯುವುದಕ್ಕೂ ಇದೇ ದಾರಿ. ಮೊದಲ ಸಲಕ್ಕೇ ಹೂಂ ಅನ್ನುವವನನ್ನು ಹಸಿದವನು ಎನ್ನುತ್ತಾರೆ. ಒಂದೇ ಸಲ ಕೇಳಿ ಸುಮ್ಮನಾಗುವವನನ್ನು ಏನೆನ್ನುತ್ತಾರೋ ಯಾರಿಗೂ ಗೊತ್ತಿರಲಿಲ್ಲ. ಅಂಥವನು ಈ ಊರಿನ ಬಸ್ ಕಚೇರಿಗೆ ಮೊನ್ನೆಮೊನ್ನೆಯವರೆಗೆ ಬಂದಿರಲಿಲ್ಲ.

ಮೂರು ವಾರದ ಹಿಂದೆ ಅಂಥವರೊಬ್ಬರು ಬಂದರು. ಇಂಜಿನಿಯರ್ ಸಾಲಾರಿ ಒಂಬತ್ತನೇ ವಯಸ್ಸಿಗೆ ಅಪ್ಪನ ಕೈ ಹಿಡಿದುಕೊಂಡು ಜರ್ಮನಿಗೆ ಹೋದವರು, ನಲವತ್ತೆರಡಕ್ಕೆ ಒಬ್ಬರೇ ಹಿಂತಿರುಗಿದವರು. ಊರಿನ ಭಾಷೆಯನ್ನು ಚೆನ್ನಾಗಿಯೇ ಆಡುತ್ತಿದ್ದರು. ತೊಂದರೆ ಇದ್ದದ್ದು ಕೇಳುವುದರಲ್ಲಿ. ಯಾರು ಏನು ಹೇಳಿದರೂ ಅದನ್ನೇ ಹೇಳಿದರು ಎಂದು ಅವರು ನಂಬುತ್ತಿದ್ದರು.

ಹೊರಗೆ ಕಾರ್ಯದರ್ಶಿ ಫಖ್ರಿ ಖಾನುಮ್ ಮಸ್ಕತಿ ಮಿಠಾಯಿಯ ಡಬ್ಬಿ ತೆರೆದು ಕಾಯುತ್ತಿದ್ದಳು. ಕಚೇರಿಯ ಎಲ್ಲ ಪತ್ರಗಳನ್ನೂ, ಎಲ್ಲ ಮದುವೆಗಳನ್ನೂ, ಎಲ್ಲರ ರಕ್ತದೊತ್ತಡವನ್ನೂ ನಡೆಸುತ್ತಿದ್ದವಳು ಅವಳೇ.

“ಶುಭವಾಗಲಿ ನೊಸ್ರತ್ ಆಗಾ! ಸಂಚಾರ ಮುಖ್ಯಸ್ಥರು ಮೊದಲು ಬಾಯಿ ಸಿಹಿ ಮಾಡ್ಕೊಳ್ಳಿ.”

“ಗೀಟು ಎಳೆದ್ರು.”

“ಎಷ್ಟು ಸಲ ಕೇಳಿದ್ರು?”

“ಒಂದು.”

“ಒಂದಾ?”

“ಒಂದೇ.”

ಫಖ್ರಿ ಖಾನುಮ್ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಮುಚ್ಚಿದಳು, ಸತ್ತವರ ಮುಖದ ಮೇಲೆ ಬಟ್ಟೆ ಎಳೆಯುವ ಹಾಗೆ.

ನೊಸ್ರತ್ ಇಪ್ಪತ್ತಾರು ವರ್ಷದಿಂದ ಆ ಡಿಪೋದಲ್ಲಿ ಡ್ರೈವರುಗಳಿಗೆ ಡ್ಯೂಟಿ ಹಂಚುವ ಕೆಲಸ ಮಾಡುತ್ತಿದ್ದ. ಮೊದಲ ಬಸ್ಸು ಐದಕ್ಕೆ ಹೊರಡುತ್ತದೆ. ಆದ್ದರಿಂದ ಅವನು ಮೂರೂವರೆಗೆ ಏಳುತ್ತಾನೆ. ಸಂಚಾರ ಮುಖ್ಯಸ್ಥ ಎಂಟಕ್ಕೆ ಬರುತ್ತಾನೆ. ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಗೌರವದಲ್ಲಿ ಸ್ವಲ್ಪ ಇದೆ, ಆದರೆ ನೊಸ್ರತ್‌ಗೆ ಬೇಕಾಗಿದ್ದದ್ದು ಆ ನಾಲ್ಕೂವರೆ ಗಂಟೆ. ತನ್ನ ಮನೆಯ ಅಡುಗೆಮನೆಗೆ ಬೆಳಗಿನ ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ ಎನ್ನುವುದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಹಳೆಯ ಮುಖ್ಯಸ್ಥರು ನಿವೃತ್ತರಾಗಿದ್ದರು. ನಿವೃತ್ತಿಗೆ ಅವನಿಗೇ ಇನ್ನು ನಾಲ್ಕು ವರ್ಷ. ಮುಂದಿನ ಸಲ ಆ ಕುರ್ಚಿ ಖಾಲಿಯಾಗುವಾಗ ಅವನು ಇರುವುದಿಲ್ಲ.

“ಎರಡೂವರೆಗೆ ಹೆಸರು ನಗರಸಭೆಗೆ ಹೋಗ್ಬೇಕು,” ಎಂದಳು ಫಖ್ರಿ. “ಈಗ್ಲೇ ಒಳಗೆ ಹೋಗಿ. ಬೇಕು ಅನ್ನಿ.”

“ನಾನೇ ಬೇಡ ಅಂದದ್ದನ್ನ ನಾನೇ ಹೋಗಿ ಕೇಳೋದಾ? ಖಾನುಮ್, ನಮ್ಮಪ್ಪ ಇನ್ನೂ ಬದುಕಿದ್ದಾರೆ. ಅವರ ಕಿವಿಗೆ ಬಿದ್ರೆ?”

“ಹಾಗಾದ್ರೆ ಅವರೇ ಇನ್ನೊಂದ್ಸಲ ಕೇಳೋ ಹಾಗೆ ಮಾಡ್ಬೇಕು.”

“ಹೇಗೆ?”

“ಅದನ್ನ ನನಗೆ ಬಿಡಿ,” ಎಂದಳು. ಅಂದರೆ ಇನ್ನು ಹತ್ತು ನಿಮಿಷದಲ್ಲಿ ಇಡೀ ಕಚೇರಿಗೆ ಗೊತ್ತಾಗುತ್ತದೆ ಎಂದು ಅರ್ಥ.

ಎಂಟೇ ನಿಮಿಷ ಸಾಕಾಯಿತು. ಮೊದಲು ಮುಂದೆ ಬಂದವನು ಚಹಾದ ಮಶ್ದಿ ರಜಬ್. ಎಪ್ಪತ್ತು ಸಮೀಪಿಸಿದ ಅವನು ಐದು ಜನ ನಿರ್ದೇಶಕರಿಗೆ ಚಹಾ ಕೊಟ್ಟು, ಐದೂ ಜನರನ್ನು ಕಳಿಸಿಕೊಟ್ಟಿದ್ದ.

“ದೊಡ್ಡವರ ಕಿವಿಗೆ ಮಾತು ಚಹಾದ ಜೊತೆ ಇಳೀಬೇಕು ಸಾಹೇಬ್ರೆ. ಒಣಮಾತು ಇಳಿಯಲ್ಲ. ನೀವು ಇಲ್ಲೇ ಕೂತಿರಿ,” ಎಂದು ಅವನು ತಟ್ಟೆ ಹಿಡಿದು ಒಳಗೆ ಹೋದ. ನಾಲ್ಕು ನಿಮಿಷದ ಮೇಲೆ ಹೊರಗೆ ಬಂದ. ಮುಖ ಅರಳಿತ್ತು.

“ಏನಂದೆ ಮಶ್ದಿ?”

“ಸಾರ್, ನೊಸ್ರತ್ ಆಗಾನಷ್ಟು ವಿನಯ ಈ ಊರಲ್ಲಿ ಯಾರಿಗೂ ಇಲ್ಲ, ತನ್ನ ಬಗ್ಗೆ ತಾನು ಒಂದು ಒಳ್ಳೆ ಮಾತು ಆಡೋ ಮನುಷ್ಯ ಅಲ್ಲ ಅಂದೆ.”

“ಅದಕ್ಕೆ?”

“ತುಂಬಾ ಹೊಗಳಿದ್ರು. ‘ಹೌದು, ತನಗೆ ಏನು ಆಗಲ್ಲ ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿದೆ, ಇಂಥವರು ಅಪರೂಪ’ ಅಂದ್ರು.”

ನೊಸ್ರತ್ ಗೋಡೆಗೆ ಒರಗಿದ.

“ಚಹಾ ಪೂರ್ತಿ ಕುಡಿದ್ರು,” ಎಂದು ರಜಬ್ ಸೇರಿಸಿದ. “ಅದು ಒಳ್ಳೆ ಲಕ್ಷಣ.”

ಪಟ್ಟಿಯಲ್ಲಿ ಎರಡನೆಯ ಹೆಸರು ಕಾಜೆರೂನಿಯದು. ರಿಪೇರಿ ಶೆಡ್ಡಿನ ಮುಖ್ಯಸ್ಥ. ಗ್ರೀಸಿನ ವಾಸನೆಯಿಲ್ಲದೆ ಅವನನ್ನು ಕಂಡವರಿಲ್ಲ. ತಂಗಿಯ ಮದುವೆಯಲ್ಲೂ ಅವನ ಉಗುರಿನ ಕೆಳಗೆ ಅದು ಇತ್ತಂತೆ. ಹತ್ತು ಗಂಟೆಗೆ ಅವನಿಗೆ ಕರೆ ಬಂತು. ಒಳಗೆ ಹೋದವನು ಒಂದು ನಿಮಿಷದಲ್ಲಿ ಹೊರಗೆ ಬಂದ.

“ಬೇಡ ಅಂದೆ,” ಎಂದ.

“ಅಂದ್ರೆ, ಬೇಡ ಅಂತ ಬಾಯಲ್ಲಿ…” ನೊಸ್ರತ್ ತಡವರಿಸಿದ.

“ಬಾಯಲ್ಲೇ. ಇನ್ನೆಲ್ಲಿ ಅನ್ನೋದು? ಎಂಜಿನ್ ಕೆಟ್ರೆ ಸದ್ದು ಮಾಡಿ ಹೇಳತ್ತೆ ನೊಸ್ರತ್. ಡ್ರೈವರ್ ಕೆಟ್ರೆ ನಗ್ತಾನೆ. ನಗೋರನ್ನ ಸಂಭಾಳಿಸೋ ಕೆಲಸ ನಿನ್ನದು, ನನಗೆ ಆಗಲ್ಲ. ಬೇಡ ಅಂದ್ರೆ ಬೇಡ.” ಅವನು ಶೆಡ್ಡಿನ ಕಡೆ ಹೊರಟುಹೋದ.

ನೊಸ್ರತ್ ಜನರ ಮಾತನ್ನು ತೂಗಿ ಬದುಕುವವನು. ಇಪ್ಪತ್ತಾರು ವರ್ಷದಲ್ಲಿ ಈ ಡಿಪೋದಲ್ಲಿ ‘ಬೇಡ’ ಎಂದು ಅದೇ ಅರ್ಥದಲ್ಲಿ ಹೇಳುವ ಒಬ್ಬನೇ ಮನುಷ್ಯನನ್ನು ಅವನು ಕಂಡಿದ್ದ. ಅವನೇ ಕಾಜೆರೂನಿ. ಜನ ಅವನನ್ನು ಒರಟ ಎನ್ನುತ್ತಿದ್ದರು.

ಆ ಹೆಸರಿನ ಮೇಲೂ ಗೀಟು ಬಿತ್ತು. ಮೂರನೆಯ ಹೆಸರು ಇರಲಿಲ್ಲ.

ಹನ್ನೊಂದು ಗಂಟೆಗೆ ನಿರ್ದೇಶಕರು ತಾವೇ ಡಿಪೋಗೆ ಇಳಿದುಬಂದರು. ಅಂದು ಸಂಜೆ ಫುಟ್‌ಬಾಲ್ ಪಂದ್ಯವಿತ್ತು. ಹನ್ನೆರಡೂವರೆಯಿಂದ ಸ್ಟೇಡಿಯಮ್ಮಿಗೆ ಹತ್ತು ಬಸ್ಸು ಹೆಚ್ಚುವರಿ ಬಿಡಬೇಕು. ಅಂಥ ದಿನ ಡ್ರೈವರುಗಳನ್ನು ಹೊಂದಿಸುವುದು ಸಂಚಾರ ಮುಖ್ಯಸ್ಥನ ಹೊಣೆ. ಮುಖ್ಯಸ್ಥನಿಲ್ಲ. ನೊಸ್ರತ್ ಎದ್ದು ನಿಂತ.

“ನೀವು ಕೂತ್ಕೊಳ್ಳಿ,” ಎಂದರು ಸಾಲಾರಿ ಅನುಕಂಪದಿಂದ. “ಇದು ನಿಮ್ಮ ಶಕ್ತಿ ಮೀರಿದ್ದು ಅಂತ ನೀವೇ ಹೇಳಿದ್ದೀರಿ. ನಾನು ನೋಡ್ಕೋತೀನಿ.”

ಬೆಳಗಿನ ಪಾಳಿ ಮುಗಿಸಿದ ಡ್ರೈವರುಗಳು ಕ್ಯಾಂಟೀನಿನಲ್ಲಿ ಅನ್ನ ಕಲಸುತ್ತಿದ್ದರು. ನಿರ್ದೇಶಕರು ಒಂದೊಂದು ಮೇಜಿನ ಬಳಿ ಹೋಗಿ, “ಇವತ್ತು ಮಧ್ಯಾಹ್ನ ಒಂದು ಟ್ರಿಪ್ ಹೆಚ್ಚಿಗೆ ಓಡಿಸ್ತೀರಾ?” ಎಂದು ಕೇಳಿದರು.

“ಕಣ್ಣ ಮೇಲೆ ಸಾರ್!”

“ನೀವು ಕೇಳೋದು ಹೆಚ್ಚಾ ಸಾರ್, ಪ್ರಾಣ ಕೊಡ್ತೀನಿ!”

“ಒಂದ್ಯಾಕೆ ಸಾರ್, ಹತ್ತು ಟ್ರಿಪ್ ಹೇಳಿ! ನಿಮ್ಮ ನೆರಳು ನಮ್ಮ ಮೇಲೆ ಹೀಗೇ ಇರ್ಲಿ!”

ಇಬ್ಬರು ಎದ್ದು ನಿಂತು ತಮ್ಮ ಊಟದ ತಟ್ಟೆಯನ್ನೇ ಅವರ ಕಡೆ ಚಾಚಿದರು. ಬಹ್ಮನ್ ಎಂಬ ದಪ್ಪ ಮೀಸೆಯವನು ಮಾತ್ರ ಸೊಂಟ ಹಿಡಿದುಕೊಂಡು, “ನನ್ನಿಂದಾಗಲ್ಲ ಸಾರ್, ಬೆನ್ನು ಹಿಡ್ಕೊಂಡಿದೆ. ಆಮೇಲೆ ಮಾವನ ಮನೆಗೂ ಹೋಗ್ಬೇಕು,” ಎಂದ. ಅವನ ಪಕ್ಕದ ಏಳೆಂಟು ಜನರೂ ಯಾವುದೋ ಮಾವನನ್ನೋ ಹಲ್ಲನ್ನೋ ನೆನೆದುಕೊಂಡರು. ಅವರೆಲ್ಲರಿಗೂ ಸಾಲಾರಿ ಬೇಗ ಗುಣವಾಗಲಿ ಎಂದು ಹಾರೈಸಿದರು. ಹೂಂ ಅಂದವರಲ್ಲಿ ಮೊದಲ ಹತ್ತು ಹೆಸರು ಬರೆದುಕೊಂಡು ಮೇಲೆ ಹೋದರು. ಹತ್ತು ನಿಮಿಷದ ಕೆಲಸ. ಜರ್ಮನಿಯಲ್ಲಿ ಇದಕ್ಕೆ ಎರಡು ವಾರ ಮೊದಲು ಪತ್ರ ಬರೆಯಬೇಕಾಗುತ್ತಿತ್ತು ಎಂದು ಅವರು ಫಖ್ರಿಯ ಬಳಿ ಸಂತೋಷಪಟ್ಟರಂತೆ.

ಹನ್ನೆರಡೂವರೆಗೆ ಇಬ್ಬರು ಡ್ರೈವರುಗಳು ಬಂದರು. ಒಬ್ಬ ಮರೆತುಹೋದ ಛತ್ರಿಗಾಗಿ ಬಂದು ಸಿಕ್ಕಿಬಿದ್ದವನು.

ಡಿಪೋದ ಗೇಟಿನ ಹೊರಗಿನ ನಿಲ್ದಾಣದಲ್ಲಿ ಜನ ಸೇರತೊಡಗಿದ್ದರು. ಮೊದಲು ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗರು, ಆಮೇಲೆ ಅವರ ಅಪ್ಪಂದಿರು, ಆಮೇಲೆ ಪಂದ್ಯಕ್ಕೆ ಸಂಬಂಧವೇ ಇಲ್ಲದೆ ಆಸ್ಪತ್ರೆಗೂ ಪೇಟೆಗೂ ಹೋಗಬೇಕಾದವರು. ನಿರ್ದೇಶಕರು ಬಿಸಿಲಿನಲ್ಲಿ ನಿಂತು ತಮ್ಮ ಹತ್ತು ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದರು, ಶಾಲೆ ಬಿಟ್ಟ ಮೇಲೆ ಹಾಜರಿ ಕರೆಯುವ ಮೇಷ್ಟ್ರ ಹಾಗೆ.

ಮಹಡಿಯ ಕಿಟಕಿಯಲ್ಲಿ ಫಖ್ರಿ, ರಜಬ್, ನೊಸ್ರತ್ ಮೂವರೂ ನಿಂತಿದ್ದರು.

“ಅಲ್ಲಾಡ್ಬೇಡಿ,” ಎಂದಳು ಫಖ್ರಿ. “ದೇವರೇ ಕಳಿಸಿದ ಅವಕಾಶ. ಪೂರ್ತಿ ಮುಳುಗ್ಲಿ. ಆಮೇಲೆ ಅವರೇ ನಿಮ್ಮ ಹೆಸರು ಕೂಗ್ತಾರೆ.”

“ಕುತ್ತಿಗೆವರೆಗೆ ಸಾಕು,” ಎಂದ ರಜಬ್. “ಪೂರ್ತಿ ಮುಳುಗಿದ್ರೆ ಇನ್ನೊಬ್ಬ ನಿರ್ದೇಶಕನಿಗೆ ಚಹಾ ಕಲಿಸ್ಬೇಕು.”

ನೊಸ್ರತ್ ಹನ್ನೊಂದು ನಿಮಿಷ ತಡೆದುಕೊಂಡ. ಹನ್ನೆರಡನೇ ನಿಮಿಷಕ್ಕೆ ನಿಲ್ದಾಣದಲ್ಲಿ ಒಬ್ಬ ಮುದುಕಿ ಎಕ್ಸ್-ರೇ ಲಕೋಟೆಯನ್ನು ತಲೆಯ ಮೇಲೆ ಹಿಡಿದು ನೆರಳು ಮಾಡಿಕೊಂಡಳು.

“ಹೋಗ್ಬೇಡಿ!” ಎಂದಳು ಫಖ್ರಿ.

ಅವನು ಆಗಲೇ ಮೆಟ್ಟಿಲಿನಲ್ಲಿದ್ದ.

“ಹತ್ತು ಜನ ಹೂಂ ಅಂದಿದ್ದರು!” ಸಾಲಾರಿ ಅವನನ್ನು ಕಂಡೊಡನೆ ಕಾಗದ ಚಾಚಿದರು. “ಇವನು ಪ್ರಾಣ ಕೊಡ್ತೀನಿ ಅಂದ. ನಾನು ಪ್ರಾಣ ಕೇಳಿರಲಿಲ್ಲ, ಒಂದು ಟ್ರಿಪ್ ಕೇಳಿದ್ದು. ಎಲ್ಲಿ ಹೋದರು ಇವರೆಲ್ಲ?”

“ಮನೆಗೆ ಸಾರ್. ಮಲಗಿರ್ತಾರೆ.”

“ಸುಳ್ಳು ಹೇಳಿದರಾ?”

“ಛೆ ಛೆ, ಸುಳ್ಳಲ್ಲ ಸಾರ್. ನಿಮ್ಮಂಥ ದೊಡ್ಡವರು ತಾವಾಗಿ ಮೇಜಿನ ಹತ್ರ ಬಂದು ಕೇಳಿದ್ರೆ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋಕಾಗತ್ತಾ? ಅದಕ್ಕೇ ಹೂಂ ಅಂದ್ರು. ಬರೋ ಮನಸ್ಸಿರೋನು ಹಾಗೆ ಥಟ್ಟಂತ ಹೂಂ ಅನ್ನಲ್ಲ ಸಾರ್. ಬೆನ್ನು ನೋವು ಅಂತಾನೆ, ಮಾವನ ಮನೆ ಅಂತಾನೆ. ಇನ್ನೊಂದ್ಸಲ ಕೇಳ್ಲಿ ಅಂತ ಅಲ್ಲೇ ಗೇಟಿನ ಹತ್ರ ಸುತ್ತಾಡ್ತಾ ಇರ್ತಾನೆ.”

ಅವನು ಆಗಲೇ ಫೋನ್ ಕಿವಿಗಿಟ್ಟಿದ್ದ.

“ಬಹ್ಮನ್, ಬೆನ್ನು ಹೇಗಿದೆ ತಮ್ಮಾ?”

“ಹೋಗಿದೆ ಅಣ್ಣಾ, ಬೆನ್ನು ಪೂರ್ತಿ ಹೋಗಿದೆ.”

“ಪಾಪ. ಮಾವ ಚೆನ್ನಾಗಿದ್ದಾರಾ?”

“ನಿಮ್ಮ ಕೈಗೆ ಮುತ್ತು ಕೊಡ್ತಾರೆ.”

“ಸ್ಟೇಡಿಯಮ್ಮಿಗೆ ಒಂದು ಬಸ್ಸಿತ್ತು. ನಿನ್ನ ಕೇಳಬಾರದು ಅಂತಾನೇ ಇದ್ದೆ.”

“ಬೇಡ ಅಣ್ಣಾ, ನನ್ನ ಕೇಳ್ಬೇಡಿ.”

“ಕೇಳಲ್ಲ ಬಿಡು. ಹೊಸ ಬಸ್ಸು, ಏಸಿ ಇರೋದು. ಬೇರೆ ಯಾರಿಗಾದ್ರೂ ಕೊಡ್ತೀನಿ.”

“ನೀವು ಇಷ್ಟು ಹೇಳಿದ ಮೇಲೆ… ಯಾವ ಬಸ್ಸು ಅಣ್ಣಾ, ನಲವತ್ತೇಳಾ?” ಎಂದ ಬಹ್ಮನ್. ಅವನ ಧ್ವನಿ ಫೋನಿನಿಂದಲೂ ಗೇಟಿನ ಆಚೆಯಿಂದಲೂ ಒಟ್ಟಿಗೆ ಬರುತ್ತಿತ್ತು.

ಹೀಗೆ ಎಂಟು ಫೋನು. ಇಬ್ಬರಿಗೆ ಹೆಂಡತಿಯ ಆರೋಗ್ಯ ವಿಚಾರಿಸಬೇಕಾಯಿತು, ಒಬ್ಬನಿಗೆ ಬೈಯಬೇಕಾಯಿತು. ಒಬ್ಬನಿಗೆ ಏನೂ ಹೇಳದೆ ಸುಮ್ಮನೆ ಎರಡು ಸಲ ನಿಟ್ಟುಸಿರು ಬಿಟ್ಟದ್ದೇ ಸಾಕಾಯಿತು. ಒಂದೂ ಹತ್ತಕ್ಕೆ ಹತ್ತನೆಯ ಬಸ್ಸು ಗೇಟು ದಾಟಿತು. ಮುದುಕಿ ಮುಂದಿನ ಸೀಟಿನಲ್ಲಿ ಕೂತು ಎಕ್ಸ್-ರೇಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು.

ಇಂಜಿನಿಯರ್ ಸಾಲಾರಿ ಕನ್ನಡಕ ತೆಗೆದು ಒರೆಸಿಕೊಂಡರು. ಮೂರು ವಾರದಲ್ಲಿ ಮೊದಲ ಸಲ ಅವರ ಮುಖದಲ್ಲಿ ಏನೋ ಹೊಳೆಯಿತು.

“ಅಂದರೆ,” ಎಂದರು ನಿಧಾನವಾಗಿ, “ಹೂಂ ಅಂದವನಿಗೆ ಬೇಡ. ಬೇಡ ಅಂದವನಿಗೆ ಬೇಕು.”

ನೊಸ್ರತ್ ಎಂಟನೆಯವನಿಗೆ ಕೃತಜ್ಞತೆ ಹೇಳಲು ಫೋನ್ ಹಿಡಿದಿದ್ದ. “ಹೆಚ್ಚು ಕಮ್ಮಿ ಹಾಗೇ ಸಾರ್,” ಎಂದ.

ಸಾಲಾರಿ ಆ ಮಾತನ್ನು ಬಾಯಲ್ಲೇ ಇನ್ನೊಮ್ಮೆ ಹೇಳಿಕೊಳ್ಳುತ್ತ ಮೆಟ್ಟಿಲು ಹತ್ತಿದರು. ಮಹಡಿ ಮುಟ್ಟುವಷ್ಟರಲ್ಲಿ ಅವರಿಗೆ ಬೆಳಗಿನ ಸಂಗತಿ ಹೊಳೆದಿರಬೇಕು. “ನೊಸ್ರತ್ ಅವರನ್ನ ಎರಡು ಗಂಟೆಗೆ ಒಳಗೆ ಕಳಿಸಿ. ಆ ಹುದ್ದೆಯ ಬಗ್ಗೆ ಇನ್ನೊಂದು ಸಲ ಕೇಳಬೇಕು,” ಎಂದು ಫಖ್ರಿಗೆ ಹೇಳಿ ಬಾಗಿಲು ಹಾಕಿಕೊಂಡರು.

ಫಖ್ರಿ ಖಾನುಮ್ ಮೊದಲು ಫೋನ್ ಮಾಡಿದ್ದು ಮಹೀನಳಿಗೆ. ಮಹೀನ್ ನೊಸ್ರತ್‌ಗೆ ಮಾಡಿದಳು.

“ಇನ್ನೊಂದ್ಸಲ ಕೇಳ್ತಾರಂತೆ.”

“ಹೌದಂತೆ,” ಎಂದ ನೊಸ್ರತ್. “ಎರಡನೇದು ತಯಾರಿದೆ. ಮಂಡಿನೋವು.”

“ಮಂಡಿ ಮಣ್ಣಾಗ್ಲಿ! ಆ ಮನುಷ್ಯ ಜರ್ಮನಿಯಿಂದ ಬಂದಿದ್ದಾನೆ. ನೀನು ಮಂಡಿ ಅಂದ್ರೆ ಅವನು ಡಾಕ್ಟರ್ ಕರೀತಾನೆ. ಈ ಸಲ ಅವನು ಬಾಯಿ ಮುಚ್ಚೋದ್ರೊಳಗೆ ಬೇಕು ಅನ್ಬೇಕು. ಬೇಕು. ಅಷ್ಟೇ.”

“ನಾಚಿಕೆ ಆಗತ್ತೆ ಮಹೀನ್.”

“ಇಪ್ಪತ್ತಾರು ವರ್ಷದಿಂದ ಬೆಳಗಿನ ರೊಟ್ಟಿ-ಪನೀರು ಗೋಡೆ ನೋಡ್ಕೊಂಡು ತಿಂತಾ ಇದ್ದೀನಿ ನಾನು. ಗೋಡೆಗೂ ಬೇಜಾರಾಗಿದೆ. ನಾಚ್ಕೊಳ್ಳೋದಾದ್ರೆ ಅದಕ್ಕೆ ನಾಚ್ಕೋ.” ಆಮೇಲೆ ಬೇರೆ ಧ್ವನಿಯಲ್ಲಿ ಹೇಳಿದಳು: “ಅಕ್ರೋಟು ನೆನೆ ಹಾಕಿದ್ದೀನಿ. ನಾಳೆ ಇಬ್ಬರಿಗೆ.”

ನೊಸ್ರತ್ ಫೋನ್ ಇಟ್ಟು, “ಬೇಕು,” ಎಂದು ಮೆಲ್ಲಗೆ ಹೇಳಿ ನೋಡಿದ. ಕೆಮ್ಮಿದ ಹಾಗೆ ಬಂತು.

ರಜಬ್ ಅವನನ್ನು ನಿಂತಿದ್ದ ಖಾಲಿ ಬಸ್ಸೊಂದರೊಳಗೆ ಕರೆದುಕೊಂಡು ಹೋಗಿ ತರಬೇತಿಗೆ ನಿಂತ.

“ಚಹಾ ತಗೊಳ್ಳಿ ಸಾಹೇಬ್ರೆ.”

“ಬೇಡ ಮಶ್ದಿ, ನಿಮಗ್ಯಾಕೆ ತೊಂದ್ರೆ…”

“ಮತ್ತೆ! ಚಹಾ ತಗೊಳ್ಳಿ.”

“ನೀವು ಮೊದಲು ಕುಡೀರಿ.”

“ಇದು ಬಾಯಲ್ಲ, ತೂತಾದ ಟೈರು. ಎಷ್ಟು ಗಾಳಿ ಹೊಡೆದ್ರೂ ಅದೇ ಕಡೆ ಸೋರತ್ತೆ. ತಗೊಳ್ಳಿ!”

“ಬೇಕು!” ಎಂದು ನೊಸ್ರತ್ ಅರಚಿದ. ಹಿಂದಿನ ಸೀಟಿನಲ್ಲಿ ಮಲಗಿದ್ದ ಕ್ಲೀನರ್ ಎದ್ದು ಕುಳಿತ.

ಅಭ್ಯಾಸ ಪಕ್ವವಾಗಲೆಂದು ರಜಬ್ ಅವನನ್ನು ಎದುರಿನ ಮಿಠಾಯಿ ಅಂಗಡಿಗೆ ಕಳಿಸಿದ. ಫಖ್ರಿಯ ಡಬ್ಬಿಯನ್ನು ಬೆಳಗಿನಿಂದ ಸಂತಾಪ ಸೂಚಿಸಲು ಬಂದವರೇ ಖಾಲಿ ಮಾಡಿದ್ದರು. ನೊಸ್ರತ್ ಒಂದು ಕಿಲೋ ಮಸ್ಕತಿ ಕಟ್ಟಿಸಿ, ಎಷ್ಟಾಯಿತು ಎಂದು ಕೇಳಿದ.

“ನಿಮ್ಮಿಂದ ತಗೊಳ್ಳೋದಾ? ಬಿಡಿ ಆಗಾ, ಅಂಗಡಿ ನಿಮ್ಮದೇ,” ಎಂದ ಅಂಗಡಿಯವನು, ದಿನಕ್ಕೆ ಇನ್ನೂರು ಸಲ ಹೇಳುವ ಹಾಗೆ.

“ಆಗಲಿ. ಸಂತೋಷ,” ಎಂದ ನೊಸ್ರತ್. ಡಬ್ಬಿ ಎತ್ತಿಕೊಂಡು ಹೊರಗೆ ನಡೆದ.

ಅಂಗಡಿಯವನಿಗೆ ಏನಾಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೂ ಅವನು ಕೂಗಿ ಕೇಳುವಂತಿರಲಿಲ್ಲ. ಅಂಗಡಿ ನಿಮ್ಮದೇ ಎಂದವನು ಅವನೇ. ಬಾಗಿಲಿಗೆ ಬಂದು ನಿಂತು, ರಸ್ತೆ ದಾಟುತ್ತಿದ್ದ ಬೆನ್ನನ್ನು ನೋಡುತ್ತ, “ಬಡ್ಡಿಮಗನಿಗೆ ಬಿಸಿಲು ತಲೆಗೇರಿದೆ,” ಎಂದು ಪಕ್ಕದ ರೊಟ್ಟಿಯವನಿಗೆ ಹೇಳಿದ. ರಜಬ್ ಓಡಿಹೋಗಿ ದುಡ್ಡು ಕೊಡಬೇಕಾಯಿತು. ಆಗ ಅಂಗಡಿಯವನು ಎರಡು ಸಲ ಬೇಡವೆಂದು ಹೇಳಿ ಮೂರನೆಯ ಸಲ ಎಣಿಸಿಕೊಂಡ.

“ಆಯ್ತು ಮಶ್ದಿ, ಬಂತು!” ಎಂದು ನೊಸ್ರತ್ ಬೆವರು ಒರೆಸಿಕೊಂಡ. ಅವನ ಕಣ್ಣು ಹೊಳೆಯುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅವನು, ಇನ್ನೊಬ್ಬರು ಕೊಟ್ಟದ್ದನ್ನು ಕೊಟ್ಟೊಡನೆ ತೆಗೆದುಕೊಂಡಿದ್ದ.

ಎರಡು ಗಂಟೆಗೆ ಅವನು ಮಿಠಾಯಿಯ ಡಬ್ಬಿಯೊಂದಿಗೆ ಒಳಗೆ ಹೋದ. ಫಖ್ರಿ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದೇ ಇಟ್ಟಳು. ಆ ಸಂದಿಯಲ್ಲಿ ರಜಬ್‌ನ ತಟ್ಟೆಯೂ ನಿಂತಿತು.

ಸಾಲಾರಿ ಎದ್ದು ನಿಂತು ಸ್ವಾಗತಿಸಿದರು. ಹೊಸ ವಿದ್ಯೆ ಕಲಿತ ಹುಡುಗನ ಉತ್ಸಾಹ ಅವರಲ್ಲಿತ್ತು.

“ಬೆಳಿಗ್ಗೆ ನನ್ನಿಂದ ತಪ್ಪಾಯಿತು,” ಎಂದರು. “ನಿಮ್ಮ ಮಾತನ್ನು ಬರೀ ಕಿವಿಯಿಂದ ಕೇಳಿಬಿಟ್ಟೆ. ಮಧ್ಯಾಹ್ನ ನೀವೇ ಕಣ್ಣು ತೆರೆಸಿದಿರಿ. ನಿಮ್ಮಷ್ಟು ಈ ಕೆಲಸ ತಿಳಿದವರು ಇಲ್ಲ. ನಿಮಗೆ ಮನಸ್ಸಿದ್ದರೆ ಈಗಲೇ ಹೆಸರು ಬರೆದು ಕಳಿಸ್ತೀನಿ. ಆದ್ದರಿಂದ ಇನ್ನೊಮ್ಮೆ ಕೇಳ್ತೀನಿ ನೊಸ್ರತ್ ಆಗಾ. ಸಂಚಾರ ಮುಖ್ಯಸ್ಥನ ಹುದ್ದೆ ನಿಮಗೆ…”

“ಬೇಕು!” ಎಂದ ನೊಸ್ರತ್.

ಮೇಜಿನ ಮೇಲಿನ ಕಾಗದ ಅಲುಗಾಡಿತು. ಬಾಗಿಲಿನ ಸಂದಿಯಲ್ಲಿ ಯಾರೋ ತೃಪ್ತಿಯಿಂದ ಉಸಿರು ಬಿಟ್ಟರು.

ಸಾಲಾರಿಯವರ ಮುಖ ಇಳಿಯಿತು. ನಿಧಾನವಾಗಿ ಕುಳಿತರು.

“ಓ,” ಎಂದರು.

“ಬೇಕು ಸಾರ್. ಖಂಡಿತ ಬೇಕು.”

“ತಿಳೀತು, ತಿಳೀತು. ಅವಸರ ಬೇಡ. ಮೂರು ಸಲ ಕೇಳಬೇಕಂತೆ, ಫಖ್ರಿ ಖಾನುಮ್ ಹೇಳಿದರು. ಯೋಚನೆ ಮಾಡಿ. ನಿಮಗೆ ಈ ಹುದ್ದೆ ನಿಜವಾಗಲೂ ಬೇಕೇ?”

“ಕಣ್ಣ ಮೇಲೆ ಸಾರ್!” ಎಂದ ನೊಸ್ರತ್. ಒಂದೇ ಪದವನ್ನು ಎಷ್ಟು ಸಲ ಹೇಳುವುದು ಎಂದು ಅವನ ನಾಲಿಗೆಗೆ ತಾನಾಗಿಯೇ ಅನ್ನಿಸಿರಬೇಕು.

ಬಾಗಿಲಿನಾಚೆ ತಟ್ಟೆಯ ಮೇಲೆ ಲೋಟ ಉರುಳಿದ ಸದ್ದಾಯಿತು.

ಇಂಜಿನಿಯರ್ ಸಾಲಾರಿ ಎದ್ದು ಮೇಜು ಸುತ್ತಿಬಂದು ನೊಸ್ರತ್‌ನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ನಿಜವಾದ ಪ್ರೀತಿಯಿತ್ತು.

“ಸಾಕು. ನಿಮ್ಮನ್ನ ಇನ್ನು ಹಿಂಸೆ ಮಾಡಲ್ಲ. ನಾನು ಮೇಲಿನವನು, ಮತ್ತೆ ಕರೆದು ಕೇಳ್ತಿದ್ದೀನಿ, ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋಕೆ ನಿಮ್ಮ ಸಂಸ್ಕಾರ ಬಿಡಲ್ಲ. ಬೆಳಿಗ್ಗೆ ಬೇಡ ಅಂದಿರಿ. ಅಲ್ಲೇ ಸ್ವಲ್ಪ ಆಸೆ ಇದ್ದಿರಬಹುದು ಅಂದುಕೊಂಡೆ. ಈಗ ಮೂರು ಸಲ ಹೂಂ ಅಂದಿರಿ. ಇಷ್ಟು ಖಡಾಖಂಡಿತವಾಗಿ ಬೇಡ ಅಂದವರನ್ನ ನಾನು ಜರ್ಮನಿಯಲ್ಲೂ ನೋಡಿಲ್ಲ.”

“ಸಾರ್, ಇಲ್ಲ ಸಾರ್, ನನಗೆ ನಿಜವಾಗಿ…”

“ಪ್ರಾಣ ಬೇಕಾದ್ರೂ ಕೊಡ್ತೀರಿ. ಗೊತ್ತು.” ಅವರು ಬಾಗಿಲ ಕಡೆ ತಿರುಗಿದರು. “ಫಖ್ರಿ ಖಾನುಮ್! ಕಾಜೆರೂನಿಯವರನ್ನ ಕರೀರಿ.”

ಕಾಜೆರೂನಿ ಬಂದ. ಯಾವುದೋ ಬಸ್ಸಿನ ಹೊಟ್ಟೆಯೊಳಗಿಂದ ಎದ್ದು ಬಂದಿದ್ದ. ಹಣೆಯ ಮೇಲೆ ಕಪ್ಪು ಪಟ್ಟೆ. ಗೋಡೆಯ ಗಡಿಯಾರ ಎರಡೂ ಇಪ್ಪತ್ತು ತೋರಿಸುತ್ತಿತ್ತು. ನೊಸ್ರತ್ ಮೂಲೆಯಲ್ಲಿ ಮಿಠಾಯಿಯ ಡಬ್ಬಿ ಹಿಡಿದು ನಿಂತಿದ್ದ. ಹೊರಗೆ ಹೋಗು ಎಂದು ಯಾರೂ ಹೇಳಿರಲಿಲ್ಲ, ಇರು ಎಂದೂ ಹೇಳಿರಲಿಲ್ಲ.

“ಕಾಜೆರೂನಿಯವರೇ, ಸಂಚಾರ ಮುಖ್ಯಸ್ಥನ ಹುದ್ದೆ ನಿಮಗೆ ಬೇಕೇ?”

“ಬೆಳಿಗ್ಗೆನೇ ಹೇಳಿದೆನಲ್ಲ ಸಾರ್. ಬೇಡ.”

ಸಾಲಾರಿ ನಕ್ಕರು. ನೊಸ್ರತ್‌ನ ಕಡೆ ತಿರುಗಿ, ಪಾಠ ಒಪ್ಪಿಸಿದ ವಿದ್ಯಾರ್ಥಿ ಮೇಷ್ಟ್ರನ್ನು ನೋಡುವ ಹಾಗೆ ನೋಡಿದರು. “ಎರಡು ಸಲ ಆಯ್ತು,” ಎಂದರು.

“ಏನು ಎರಡು?” ಎಂದ ಕಾಜೆರೂನಿ.

ನೊಸ್ರತ್‌ಗೆ ಆಗ ದಾರಿ ಕಂಡಿತು. ಕಾಜೆರೂನಿ ಒಂದೇ ಒಂದು ಸಲ ಹೂಂ ಅಂದರೆ ಸಾಕು. ಅವನು ಪಾರಾಗುತ್ತಾನೆ, ಹುದ್ದೆ ಖಾಲಿ ಉಳಿಯುತ್ತದೆ, ಇನ್ನೂ ಹತ್ತು ನಿಮಿಷವಿದೆ; ಆಮೇಲೆ ತಾನು ಬೇಡ, ಬೇಡ, ಬೇಡ ಎಂದು ಬಾಯಿ ನೋಯುವಷ್ಟು ಹೇಳಬಹುದು. ನಿರ್ದೇಶಕರ ಬೆನ್ನ ಹಿಂದೆ ನಿಂತು ಅವನು ಕಾಜೆರೂನಿಗೆ ಜೋರಾಗಿ ತಲೆಯಾಡಿಸಿದ. ಹೂಂ ಅನ್ನು, ಎಂದು ತುಟಿಯಲ್ಲೇ ಹೇಳಿದ. ಬಾಗಿಲ ಸಂದಿಯಲ್ಲಿ ಫಖ್ರಿಯೂ ತಲೆಯಾಡಿಸಿದಳು. ಅವಳ ಕೆಳಗೆ ರಜಬ್‌ನ ತಲೆಯೂ ಆಡಿತು.

ಕಾಜೆರೂನಿ ಆ ಮೂರು ತಲೆಗಳನ್ನು ಒಂದೊಂದಾಗಿ ನೋಡಿದ. ಎಂಜಿನಿನಲ್ಲಿ ಎಲ್ಲಿಂದ ಸದ್ದು ಬರುತ್ತಿದೆ ಎಂದು ಹುಡುಕುವವನ ಹಾಗೆ.

“ಕೊನೆಯ ಸಲ ಕೇಳ್ತೀನಿ,” ಎಂದರು ಸಾಲಾರಿ, ಬಹಳ ಮೃದುವಾಗಿ. “ಈ ಹುದ್ದೆ ನೀವು ತಗೊಳ್ಳಲೇಬೇಕು ಅಂತ ನನ್ನ ಆಸೆ. ಏನಂತೀರಿ?”

ಕಾಜೆರೂನಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಬೇಡ,” ಎಂದ.